ಗೌರಮ್ಮ ಸಿಸ್ಟರ್ ಅಂಗೈ

ಹೋದ ತಿಂಗಳು ನೆಂಟರೊಬ್ಬರ ಮನೆ ಒಕ್ಕಲಿಗೆಂದು ಮೆಟ್ರೋದಲ್ಲಿ ನಾಗಸಂದ್ರದ ಕಡೆಗೆ ಹೊರಟಿದ್ದೆ. ಪೀಣ್ಯದ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಒದ್ದೆ ಕೊಡೆಗಳ ಜೊತೆ ಒಂದು ವಾಸನೆಯೂ ಹತ್ತಿಕೊಂಡಿತು. ಕಾದ ಕಬ್ಬಿಣ, ಯಂತ್ರಗಳಿಗೆ ಸುರಿಯುವ ಎಣ್ಣೆ, ಅದರ ಮೇಲೆ ಬಿದ್ದ ಮಳೆ, ಮೂರೂ ಕಲೆತದ್ದು. ಬಾಗಿಲು ಮುಚ್ಚಿದ ಮೇಲೂ ಅದು ಹೋಗಲಿಲ್ಲ. ನನ್ನ ಕಿವಿ ತನ್ನಷ್ಟಕ್ಕೆ ಧಡ್, ಧಡ್ ಎನ್ನುವ ಸದ್ದಿಗಾಗಿ ಕಾಯತೊಡಗಿತು. ಎದುರಿಗೆ ಕೂತಿದ್ದ ಹುಡುಗಿ ಇಯರ್‌ಫೋನ್ ತೆಗೆದು, "ಆಂಟಿ, ಹುಷಾರಾಗಿದ್ದೀರಾ? ಬೆವರ್ತಾ ಇದ್ದೀರ," ಎಂದಳು. "ಏನಿಲ್ಲಮ್ಮ, ಸೆಕೆ," ಎಂದೆ. ಆ ಬೋಗಿಯಲ್ಲಿ ಎಸಿ ಚಳಿ ಹುಟ್ಟಿಸುವಷ್ಟಿತ್ತು.

ಆ ವಾಸನೆಯಲ್ಲಿ ನಾನು ಒಂದಿಡೀ ಶ್ರಾವಣವನ್ನು ಮಲಗಿಕೊಂಡೇ ಕಳೆದಿದ್ದೇನೆ. ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಯಜಮಾನರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ನಾಗಸಂದ್ರದಲ್ಲಿ ಒಬ್ಬ ರೈತರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಅವರ ಹಸುಗಳು, ಮೇಲೆ ನಾವು. ದಾವಣಗೆರೆಯಲ್ಲಿ ಬೆಳೆದು, ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಬಂದ ನನಗೆ ಆ ಊರಿನಲ್ಲಿ ಪರಿಚಯದವರೆಂದರೆ ಹಾಲು ಕೊಡುವ ಆ ಮನೆಯ ಸೊಸೆ ಒಬ್ಬಳೇ.

ಅದಕ್ಕೂ ಮೊದಲು ಎರಡು ಸಲ ಬಸುರಾಗಿ ಎರಡು ಸಲವೂ ಉಳಿದಿರಲಿಲ್ಲ. ಮೊದಲನೆಯದು ತಿಳಿಯುವ ಮೊದಲೇ ಹೋಯಿತು. ಎರಡನೆಯದಕ್ಕೆ ಐದು ತಿಂಗಳು ತುಂಬಿತ್ತು. ಅದನ್ನು ಯಾರೂ ನನಗೆ ತೋರಿಸಲಿಲ್ಲ. ಒಂದು ಬಟ್ಟೆಯ ಗಂಟನ್ನು ಆಯಾ ಬಾಗಿಲಾಚೆ ಒಯ್ದದ್ದು, ಅವಳ ಚಪ್ಪಲಿ ಒದ್ದೆ ನೆಲದ ಮೇಲೆ ಚಿಟಕ್ ಚಿಟಕ್ ಎಂದದ್ದು ಮಾತ್ರ ನೆನಪಿದೆ. ಮೂರನೆಯ ಸಲ ಅವ್ವ ದಾವಣಗೆರೆಯಿಂದ ಬಂದವಳೇ ನನ್ನ ಚೀಲದಲ್ಲಿದ್ದ ಬಿಳಿ ಉಲ್ಲನ್ ಉಂಡೆಯನ್ನು ಎತ್ತಿ ಅಟ್ಟಕ್ಕೆ ಹಾಕಿದಳು. ಹುಟ್ಟುವ ಮೊದಲೇ ಕೂಸಿಗೆ ಏನನ್ನೂ ಹೆಣೆಯಬಾರದಂತೆ. ಆ ಉಂಡೆಯ ಕಡೆ ನೋಡುವುದಕ್ಕೂ ನನಗೆ ಭಯವಾಗಿತ್ತು.

ಎಂಟು ತಿಂಗಳು ತುಂಬುವಾಗ ಕಾಲು ಊದಿಕೊಂಡಿತು. ಬೆರಳಿನಿಂದ ಒತ್ತಿದರೆ ಗುಂಡಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಬಿಪಿ ನೋಡಿದ ಡಾಕ್ಟರಮ್ಮ, "ಮನೆಗೆ ಕಳಿಸಲ್ಲ ನಿಮ್ಮನ್ನ. ನಿಮ್ಮನೇಲಿ ಫೋನಿಲ್ಲ, ತುಮಕೂರು ರೋಡಲ್ಲಿ ಲಾರಿ ನಿಂತ್ರೆ ಆಂಬುಲೆನ್ಸೂ ಬರಲ್ಲ. ಹೆರಿಗೆ ಆಗೋವರೆಗೂ ಇಲ್ಲೇ ಮಲಗಿರಿ," ಎಂದುಬಿಟ್ಟರು.

ಅದು ಪೀಣ್ಯದ ಒಳರಸ್ತೆಯಲ್ಲಿದ್ದ ಎರಡು ಅಂತಸ್ತಿನ ನರ್ಸಿಂಗ್ ಹೋಮು. ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಕೆಳಗೆ ಗಂಡ ಕಾರ್ಖಾನೆಯವರ ಕೈಕಾಲಿನ ಗಾಯ ನೋಡುತ್ತಿದ್ದರು, ಮೇಲೆ ಹೆಂಡತಿ ಹೆರಿಗೆ ಮಾಡಿಸುತ್ತಿದ್ದರು. ಹಾಗಾಗಿ ಮೆಟ್ಟಿಲ ಮೇಲೆ ಡೆಟಾಲ್ ಜೊತೆ ಯಾವಾಗಲೂ ಎಣ್ಣೆಯ ವಾಸನೆ. ಮೇಲಿನ ಕೋಣೆಯನ್ನು ಮರದ ಅಡ್ಡಗೋಡೆ ಹಾಕಿ ಎರಡು ಮಾಡಿದ್ದರು. ನನ್ನ ಮಂಚ ಕಿಟಕಿಯ ಪಕ್ಕ. ಕಿಟಕಿಯಾಚೆ ಕಾಂಪೌಂಡು, ಅದರಾಚೆ ತಗಡಿನ ಶೆಡ್ಡಿನಲ್ಲಿ ಪವರ್ ಪ್ರೆಸ್ಸುಗಳು. ಬೆಳಗಿನಿಂದ ಸಂಜೆಯವರೆಗೆ ಧಡ್, ಧಡ್ ಎನ್ನುವ ಆ ಸದ್ದು ನೆಲ ಹಾದು, ಮಂಚದ ಕಾಲು ಹಾದು, ನನ್ನ ಬೆನ್ನಿಗೆ ಬರುತ್ತಿತ್ತು. ಮೊದಲ ದಿನ ನಾನು ಎರಡೂ ಕೈಯಿಂದ ಹೊಟ್ಟೆಯನ್ನು ಹಿಡಿದುಕೊಂಡೇ ಮಲಗಿದ್ದೆ. ಅಷ್ಟು ಸದ್ದಿಗೆ ಕೂಸು ಹೆದರಿಬಿಟ್ಟರೆ?

ಮೇಲಿನ ಅಂತಸ್ತೆಲ್ಲ ಗೌರಮ್ಮ ಸಿಸ್ಟರ್ ಕೈಯಲ್ಲಿತ್ತು. ಮಾಕಳಿಯ ರೈತರ ಮನೆಯವರು. ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಚಪ್ಪಲಿ ಕಳಚಿ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡರೆ ಆ ಮಹಡಿ ನೆಟ್ಟಗೆ ನಿಲ್ಲುತ್ತಿತ್ತು. ಅಗಲವಾದ ಕೈ, ಚರ್ಮಕ್ಕೆ ಸಮನಾಗಿ ಕತ್ತರಿಸಿದ ಉಗುರು, ಬಳೆಯಿಲ್ಲ. ಎದೆಗೆ ತಲೆಕೆಳಗಾಗಿ ಸಿಕ್ಕಿಸಿದ ಗಡಿಯಾರ. ಕಾನ್ವೆಂಟಿನಲ್ಲಿ ಓದಿದ ನನಗೆ ಸಿಸ್ಟರ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಲಗಿದ್ದಲ್ಲೇ ಬೆನ್ನು ನೇರವಾಗುತ್ತಿತ್ತು. ಗೌರಮ್ಮನವರು ಅದನ್ನು ಕಂಡುಹಿಡಿದು, "ಅದ್ಯಾಕಕ್ಕೋರೆ ಕೋಲು ನುಂಗ್ದೋರಂಗೆ ಸೆಟೆದುಕೊಳ್ತೀರಾ? ನಾನೇನು ಮಗ್ಗಿ ಕೇಳಾಕಿಲ್ಲ ಬುಡಿ," ಎಂದಿದ್ದರು.

ಆಗ ಆ ಕಡೆಯೆಲ್ಲ ಬಾಡಿಗೆ ಕಟ್ಟಡಗಳಲ್ಲಿ ನರ್ಸಿಂಗ್ ಶಾಲೆಗಳು ಏಳುತ್ತಿದ್ದವು. ನೀಲಿ ಚೌಕುಳಿಯ ಉಡುಪು, ಮೇಲೊಂದು ಬಿಳಿ ಏಪ್ರನ್ ತೊಟ್ಟ ಹುಡುಗಿಯರು ಕೆಲಸ ಕಲಿಯಲು ಇಂಥ ನರ್ಸಿಂಗ್ ಹೋಮುಗಳಿಗೆ ಬರುತ್ತಿದ್ದರು. ಮಧ್ಯಾಹ್ನ ವರಾಂಡದಲ್ಲಿ ಸಾಲಾಗಿ ಕೂತು, ತೊಳೆದ ರಬ್ಬರ್ ಗ್ಲೌಸುಗಳನ್ನು ಊದಿ, ಕೆನ್ನೆಯ ಹತ್ತಿರ ಹಿಡಿದು ತೂತಿದೆಯೇ ಎಂದು ನೋಡಿ, ಪೌಡರ್ ಹಾಕಿ ಮಡಿಸಿಡುತ್ತಿದ್ದರು. ಗೌರಮ್ಮ ಸಿಸ್ಟರ್ ಮೆಟ್ಟಿಲು ಹತ್ತಿ ಬರುವ ಸದ್ದಾದರೆ ಆ ಸಾಲಿನ ಪಿಸುಮಾತು ನಿಲ್ಲುತ್ತಿತ್ತು. ಅವರದೊಂದು ಕಟ್ಟಳೆಯಿತ್ತು. ಒಬ್ಬೊಬ್ಬ ಹುಡುಗಿಗೆ ಒಬ್ಬೊಬ್ಬ ಬಸುರಿ. ಹೆರಿಗೆ ಆಗುವ ತನಕ ಆ ತಾಯಿ ಆ ಹುಡುಗಿಯ ಪಾಲು.

ನನ್ನ ಪಾಲಿಗೆ ಬಂದವಳು ನೀಲಾ. ಹಾವೇರಿ ಕಡೆಯ ಹುಡುಗಿ. ಸಣ್ಣ ಮುಖ, ದೊಡ್ಡ ಕಿವಿ, ಎರಡು ಜಡೆಯನ್ನು ಮಡಿಸಿ ಕಟ್ಟಿದ ಕಪ್ಪು ರಿಬ್ಬನ್ನು. ಅವಳ ಅಪ್ಪನದು ಊರಿನಲ್ಲಿ ಹೊಲಿಗೆ ಅಂಗಡಿಯಂತೆ. ಉಡುಪಿನ ಹೊಲಿಗೆ ಮಾತ್ರ ಉಳಿದ ಹುಡುಗಿಯರದ್ದಕ್ಕಿಂತ ಚೆಂದವಿತ್ತು.

"ನೋಡಮ್ಮಿ, ಇವತ್ನಿಂದ ಇವರು ನಿನ್ನೋರು," ಎಂದರು ಸಿಸ್ಟರ್. "ಇವರ ಒಟ್ಟೇಲಿರೋ ಮಗ ಬೆಳಿಗ್ಗೆ ಏನ್ಮಾಡ್ತು, ಮದ್ಯಾನ ಏನ್ಮಾಡ್ತು, ನಿಂಗೊತ್ತಿರಬೇಕು. ಬಾ, ಕಿವಿ ಕೊಡು."

ಕೂಸಿನ ಎದೆಬಡಿತ ಕೇಳಲು ಆಗ ಅಲ್ಲಿ ಯಂತ್ರವಿರಲಿಲ್ಲ. ಪೀಪಿಯ ಆಕಾರದ ಒಂದು ಅಲ್ಯೂಮಿನಿಯಂ ಕೊಳವೆ. ಅಗಲವಾದ ಬಾಯಿ ನನ್ನ ಹೊಟ್ಟೆಯ ಮೇಲೆ, ಚಪ್ಪಟೆಯ ತುದಿ ಅವಳ ಕಿವಿಗೆ. ತಣ್ಣಗಿನ ಲೋಹ ಸೋಕಿದರೆ ಮೈ ಜುಂ ಎನ್ನುತ್ತಿತ್ತು. ಕೊಳವೆಯನ್ನು ಕೈಯಿಂದ ಹಿಡಿಯುವಂತಿಲ್ಲ, ಕಿವಿಯ ಒತ್ತಿನಲ್ಲೇ ಅದು ನಿಲ್ಲಬೇಕು. ಎಡಗೈ ತಾಯಿಯ ಮಣಿಕಟ್ಟಿನ ನಾಡಿಯ ಮೇಲೆ. ಬಲಗೈಯ ತೋರುಬೆರಳಿನಿಂದ, ಕಿವಿಗೆ ಕೇಳಿದ ಒಂದೊಂದು ಬಡಿತವನ್ನೂ ಸಿಸ್ಟರ್ ಚಾಚಿದ ಅಂಗೈ ಮೇಲೆ ಬಡಿದು ತೋರಿಸಬೇಕು. ಸಿಸ್ಟರ್ ತಮ್ಮ ಇನ್ನೊಂದು ಕೈಯಲ್ಲಿ ನನ್ನ ಆಚೆ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದರು. ಇದು ಯಾವ ಪುಸ್ತಕದಲ್ಲೂ ಇಲ್ಲ, ಅವರೇ ಕಟ್ಟಿಕೊಂಡ ಪಾಠ.

"ತಾಯಿ ನಾಡೀದು ಒಂದು ನಡಿಗೆ, ಮಗೀದು ಒಂದು ನಡಿಗೆ," ಎಂದು ಹೇಳಿಕೊಟ್ಟರು. "ನಿನ್ನ ಬೆರಳೂ ಈ ನಾಡೀನೂ ಒಟ್ಟೊಟ್ಟಿಗೆ ಬಿದ್ವು ಅನ್ನು, ಆಗ ನೀನು ಕೇಳ್ತಿರೋದು ಮಗೀನಲ್ಲ. ತಾಯಿ ರಕ್ತ ಓಡೋದ್ನ ಕೇಳ್ತಿದ್ದೀಯ. ತಿಳೀತಾ?"

"ತಿಳೀತ್ರಿ ಸಿಸ್ಟರ್."

ಮೊದಲ ದಿನ ಅವಳ ಬೆರಳು ನಿಧಾನಕ್ಕೆ, ಭಾರವಾಗಿ ಬಿತ್ತು. ಸಿಸ್ಟರ್ ಕಣ್ಣು ತೆರೆದರು. "ಅದು ಪ್ರೆಸ್ಸಮ್ಮಿ! ಆಚೆ ತಗಡು ಬಡೀತಾವ್ರೆ. ಅಕ್ಕೋರ ಒಟ್ಟೇಲಿ ಕಾರ್ಖಾನೆ ಮಡಗವ್ರಾ?" ವರಾಂಡದ ಹುಡುಗಿಯರು ಕಿಸಕ್ಕೆಂದರು. ನೀಲಾಳ ದೊಡ್ಡ ಕಿವಿಗಳು ಕೆಂಪಾದವು. "ಕಿವಿ ದೇವರು ಅಷ್ಟಗಲ ಕೊಟ್ಟವ್ನೆ, ಬರೀ ಓಲೆ ಹಾಕ್ಕೊಳ್ಳಾಕಾ? ಇನ್ನೊಂಚೂರು ಎಡಕ್ಕೆ ಬಾ."

ಆಮೇಲೆ ಸಿಕ್ಕಿತು. ಅವಳ ಬೆರಳು ಸಿಸ್ಟರ್ ಅಂಗೈ ಮೇಲೆ ಬೇಗಬೇಗ, ಹಗುರವಾಗಿ ಕುಣಿಯತೊಡಗಿತು. ಗುಬ್ಬಿ ಕಾಳು ಹೆಕ್ಕುವ ಹಾಗೆ. ನನ್ನ ಮಗುವಿನ ಎದೆಬಡಿತವನ್ನು ನಾನು ಮೊದಲು ಕಂಡದ್ದು ಹಾಗೆ, ಬೇರೆಯವರ ಅಂಗೈ ಮೇಲೆ. ಉಸಿರು ಹಿಡಿದು ನೋಡಿದೆ. ಉಸಿರು ಬಿಟ್ಟರೆ ಅದು ನಿಂತುಹೋದೀತೆಂದು ನಿಜವಾಗಿಯೂ ಅನಿಸಿತ್ತು.

ಅಂದಿನಿಂದ ದಿನಕ್ಕೆ ಮೂರು ಹೊತ್ತು ಆ ಬೆರಳಿನ ಕುಣಿತವೇ ನನಗೆ ಊಟ, ನಿದ್ದೆ. ಇಬ್ಬರು ಹೆಂಗಸರ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಕಾಯುತ್ತಿದ್ದೆ. ಸಿಸ್ಟರ್ ಹುಬ್ಬು ತುರಿಸಿದರೂ ನನ್ನ ಬಾಯಿ ಒಣಗುತ್ತಿತ್ತು. ಬಿಡುವಿದ್ದಾಗ ನೀಲಾ ತನ್ನ ಇಂಗ್ಲಿಷ್ ಪುಸ್ತಕ ತಂದು ಮಂಚದ ಅಂಚಿಗೆ ಕೂರುತ್ತಿದ್ದಳು. "ಅಕ್ಕಾರ, ಈ ಶಬ್ದ ಹೆಂಗ ಓದೋದ್ರಿ? ನಾಲಿಗಿ ಹೊಳ್ಳವಲ್ದು." ನಾನು ಓದಿ ಹೇಳುತ್ತಿದ್ದೆ. ಓದುತ್ತ ಓದುತ್ತ, ಹೊಟ್ಟೆಯಲ್ಲೇ ಸತ್ತ ಮಗುವಿನ ಬಗ್ಗೆ ಒಂದು ಪುಟ ಬಂತು. ನಾನು ನಿಲ್ಲಿಸಿಬಿಟ್ಟೆ. ಅವಳು ಪುಸ್ತಕ ಮುಚ್ಚಿ, "ಹೆದರಬ್ಯಾಡ್ರಿ ಅಕ್ಕಾರ," ಎಂದಳು. ಅವ್ವನೂ ಹಾಗೇ ಹೇಳುತ್ತಿದ್ದಳು. ಸಂಜೆ ಕಾರ್ಖಾನೆಯಿಂದ ಬರುವ ನಮ್ಮವರೂ, ಡಾಕ್ಟರಮ್ಮನೂ, ಕಸ ಗುಡಿಸುವವಳೂ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಹೆದರಬೇಡ. ಹೆದರಬಾರದೆಂಬ ಇನ್ನೊಂದು ಹೆದರಿಕೆ ನನಗೆ ಅಂಟಿಕೊಂಡಿತು. ನನ್ನ ಭಯ ಕೂಸಿಗೆ ಇಳಿದು ಏನಾದರೂ ಆದರೆ ಎಂದು ಭಯವನ್ನು ಬಚ್ಚಿಡುವುದನ್ನು ಕಲಿತೆ.

ಶ್ರಾವಣದ ಕೊನೆಯ ಸೋಮವಾರ. ಬೆಳಿಗ್ಗೆಯಿಂದ ಮಳೆ. ಅವ್ವ ಮನೆಯಲ್ಲಿ ಪೂಜೆ ಮುಗಿಸಿ ಅಡುಗೆ ಮಾಡಿಕೊಂಡು ಬರುತ್ತೇನೆಂದು ಹೋಗಿದ್ದಳು. ಕರೆಂಟು ಹೋಯಿತು. ಪ್ರೆಸ್ಸುಗಳೆಲ್ಲ ಒಮ್ಮೆಲೇ ನಿಂತವು. ಅಷ್ಟು ದಿನ ಬೆನ್ನಿಗೆ ಬಡಿಯುತ್ತಿದ್ದದ್ದು ಇಲ್ಲದೇ ಹೋದಾಗ ಮಂಚವೇ ಇಲ್ಲವೇನೋ ಎನಿಸಿತು. ತಗಡಿನ ಮೇಲೆ ಮಳೆ ಬೀಳುವ ಸದ್ದೊಂದೇ. ಆ ನಿಶ್ಶಬ್ದದಲ್ಲಿ ನನಗೆ ಹೊಳೆಯಿತು. ಎದ್ದಾಗಿನಿಂದ ಕೂಸು ಮಿಸುಕಿಲ್ಲ.

ಎಡಮಗ್ಗುಲಾದೆ. ತಣ್ಣೀರು ಕುಡಿದೆ. ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, ಇಲ್ಲದ ಹೆಸರಿನಿಂದ ಕರೆದೆ. ಹೊಟ್ಟೆ ಗಟ್ಟಿಯಾಗಿ, ಒಂದು ವಸ್ತುವಿನ ಹಾಗೆ ಬಿದ್ದುಕೊಂಡಿತ್ತು. ಆಯಾಳ ಚಪ್ಪಲಿಯ ಆ ಹಳೆಯ ಚಿಟಕ್ ಚಿಟಕ್ ಎಲ್ಲಿಂದಲೋ ಕಿವಿಗೆ ಬಂತು. ನನ್ನ ಎದೆ ಕಿತ್ತು ಬರುವ ಹಾಗೆ ಬಡಿಯತೊಡಗಿತು.

ಅಷ್ಟರಲ್ಲಿ ಕರೆಂಟು ಬಂತು. ಪ್ರೆಸ್ಸುಗಳು ಮತ್ತೆ ಶುರುವಾದವು. ಸ್ವಲ್ಪ ಹೊತ್ತಿಗೇ ಕೆಳಗೆ ಆಟೋ ನಿಂತು ಗಂಡಸರ ಕೂಗಾಟ ಕೇಳಿತು. ಪಕ್ಕದ ಬೀದಿಯ ಕಾರ್ಖಾನೆಯಲ್ಲಿ, ಹೋದ ಕರೆಂಟು ಸುಳಿವಿಲ್ಲದೆ ಬಂದಾಗ, ಅಚ್ಚಿನೊಳಗೆ ಸಿಕ್ಕಿದ್ದ ತಗಡನ್ನು ತೆಗೆಯುತ್ತಿದ್ದವನ ಕೈ ಮೇಲೆ ಪ್ರೆಸ್ಸು ಇಳಿದಿತ್ತು. "ಗೌರಮ್ಮಾ, ಬೇಗ ಬನ್ನಿ!" ಎಂದು ಡಾಕ್ಟರು ಕೆಳಗಿನಿಂದ ಕೂಗಿದರು. ಸಿಸ್ಟರ್ ಓಡಿದರು. ನಾನು ನೀಲಾಳನ್ನು ಕರೆದೆ.

"ಎದ್ದಾಗಿಂದ ಮಿಸುಕಿಲ್ಲ ನೀಲಾ."

ಅವಳ ಮುಖ ಬಿಳಿಚಿಕೊಂಡಿತು. "ಹೆದರಬ್ಯಾಡ್ರಿ, ಈಗ ನೋಡ್ತೀನಿ," ಎಂದು ಕೊಳವೆಯಿಟ್ಟು ಬಗ್ಗಿದಳು. ನಾನು ಅವಳ ಎಡಗೈಯನ್ನು ಹಿಡಿದುಕೊಂಡೆ. ಬೆರಳುಗಳ ನಡುವೆ ಬೆರಳು ತೂರಿಸಿ, ಮುಳುಗುವವರು ಹಿಡಿಯುವ ಹಾಗೆ. ಅವಳೂ ಬಿಡಿಸಿಕೊಳ್ಳಲಿಲ್ಲ, ಪಾಪ, ತಿರುಗಿ ಗಟ್ಟಿಯಾಗಿ ಹಿಡಿದಳು. ಬಲಗೈಯ ಬೆರಳು ಹಾಸಿಗೆಯ ಮೇಲೆ ಕಾಯುತ್ತಿತ್ತು. ಒಂದು ಕಡೆ ಇಲ್ಲ. ಇನ್ನೊಂದು ಕಡೆ ಇಲ್ಲ. ಆಮೇಲೆ ಬೆರಳು ಕುಣಿಯಿತು.

"ಸಿಕ್ತ್ರೀ ಅಕ್ಕಾರ! ಚಲೋ ಬಡೀತೈತ್ರಿ! ನೂರಾ ಮೂವತ್ತರ ಮ್ಯಾಲೈತಿ!"

ನಾನು ಅತ್ತುಬಿಟ್ಟೆ. ಅವಳು ಏಪ್ರನ್ ತುದಿಯಿಂದ ನನ್ನ ಕಣ್ಣೊರೆಸಿ ಅದರಲ್ಲೇ ತನ್ನದನ್ನೂ ಒರೆಸಿಕೊಂಡಳು. "ಕೂಸು ಮಲಗೈತ್ರಿ. ಮಳಿ ಅಲ್ಲೇನ್ರಿ, ಬೆಚ್ಚಗ ಮಲಗೈತಿ," ಎಂದು ನಕ್ಕಳು. ಬಿಸಿ ಹಾಲು ತಂದುಕೊಟ್ಟಳು. ಕುಡಿದೆ. ಲೋಟದ ಬಿಸಿ ಕೈಗೆ ಹಿತವಾಗಿತ್ತು. ಮಿಸುಕಾಟ ಮಾತ್ರ ಬರಲಿಲ್ಲ.

ಗಾಯಗೊಂಡವನನ್ನು ಮೇಲೆ ತಂದು ವರಾಂಡದ ಕೊನೆಯ ಆಪರೇಷನ್ ಥಿಯೇಟರಿಗೆ ಒಯ್ದರು. ಇಡೀ ನರ್ಸಿಂಗ್ ಹೋಮಿಗೆ ಅದೊಂದೇ ಥಿಯೇಟರು. ಮತ್ತಿನ ಮದ್ದು ಕೊಡುವ ಡಾಕ್ಟರು ರಾಜಾಜಿನಗರದಿಂದ ಬಂದು ತಲೆ ಒರೆಸಿಕೊಳ್ಳುತ್ತ ಒಳಗೆ ಹೋದರು. ಗೌರಮ್ಮ ಸಿಸ್ಟರ್ ಕೈ ತೊಳೆದು ನನ್ನ ಬಾಗಿಲಿಗೆ ಬಂದರು. ಬಿಳಿ ಶೂ ಮೇಲೆ ರಕ್ತದ ಹನಿಗಳು.

"ಏನಮ್ಮಿ, ನಿಮ್ಮಕ್ಕೋರು ಎಂಗವ್ರೆ?"

"ಆರಾಮ ಅದಾರ್ರೀ ಸಿಸ್ಟರ್. ಚಲೋ ಕೇಳಿಸ್ತು."

"ಸರಿ," ಎಂದು ಅವರು ತಿರುಗಿದರು. ಅವರು ಹಾಗೇ ಹೋಗಿಬಿಡಬಹುದಿತ್ತು. ಒಳಗೆ ಅವರಿಗೆ ಕೆಲಸವಿತ್ತು. ಎರಡು ಹೆಜ್ಜೆ ಇಟ್ಟವರು ನಿಂತು ನನ್ನನ್ನು ನೋಡಿದರು. "ಅಕ್ಕೋರೆ, ಮಿಸುಕ್ತಾ?"

"ಇಲ್ಲ ಸಿಸ್ಟರ್."

ಬಂದು ಮಂಚದ ಮೇಲೆ ಕೂತರು. ಅಂಗೈ ಚಾಚಿದರು. "ಬಡಿ."

ನೀಲಾ ಮೊದಲಿನ ಜಾಗಕ್ಕೇ ಕೊಳವೆಯಿಟ್ಟಳು. ಬೆರಳು ಬಡಿಯತೊಡಗಿತು. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. ನಾನು ಆ ಅಂಗೈಯನ್ನೇ ನೋಡುತ್ತಿದ್ದೆ. ಕರೆಂಟು ಹೋದಾಗಿನಿಂದ ನನ್ನ ಕಿವಿಯೊಳಗೆ ನನ್ನದೇ ಎದೆ ಬಡಿಯುತ್ತಿತ್ತಲ್ಲ, ಹಾಲು ಕುಡಿದ ಮೇಲೂ ನಿಂತಿರಲಿಲ್ಲ. ನೀಲಾಳ ಬೆರಳು ಇಳಿದಾಗಲೆಲ್ಲ ನನ್ನ ಕಿವಿಯಲ್ಲಿ ಬಡಿತ. ಬೆರಳು, ಬಡಿತ. ಬೆರಳು, ಬಡಿತ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಸಿಸ್ಟರ್," ಎಂದೆ, "ಅದು ನಂದು."

ಗೌರಮ್ಮನವರು ಚಾಚಿದ ಅಂಗೈಯನ್ನು ಮುಚ್ಚಿದರು. ನೀಲಾಳ ಬೆರಳು ಅವರ ಮುಷ್ಟಿಯೊಳಗೆ ಉಳಿಯಿತು.

"ಆಗ ಕೇಳ್ದಾಗ ನಿನ್ನ ಎಡಗೈ ಎಲ್ಲಿತ್ತು?"

ನೀಲಾ ತಲೆಯೆತ್ತಿದಳು. "ಅಕ್ಕಾರು... ಹಿಡಕೊಂಡಿದ್ರು. ಹೆದರಿದ್ರು. ಬಿಡಿಸ್ಕೊಳ್ಳಾಕ ಮನಸಾಗಲಿಲ್ರಿ."

ಹೆದರಿದ ನನ್ನ ಎದೆ ಕೂಸಿನ ಎದೆಯಷ್ಟೇ ವೇಗಕ್ಕೆ ಏರಿ ಓಡಿತ್ತು. ನಾಡಿಯ ಮೇಲಿರಬೇಕಿದ್ದ ಕೈಯನ್ನು ನನ್ನ ಕೈ ಹಿಡಿದುಕೊಂಡಿತ್ತು. ನಾವಿಬ್ಬರೂ ಸೇರಿ ನನ್ನ ಭಯವನ್ನೇ ಮಗು ಎಂದುಕೊಂಡಿದ್ದೆವು.

ಸಿಸ್ಟರ್ ಕೊಳವೆ ಕಿತ್ತುಕೊಂಡು ತಾವೇ ಬಗ್ಗಿದರು. ಹೊಕ್ಕುಳ ಕೆಳಗೆ. ಎಡಕ್ಕೆ. ಬಲಕ್ಕೆ. ಅವರ ಬೈತಲೆಯ ನರೆಗೂದಲು ನನ್ನ ಕಣ್ಣೆದುರಿಗಿತ್ತು. ಧಡ್, ಧಡ್, ಪ್ರೆಸ್ಸು. ಅವರು ಒಮ್ಮೆಗೇ ತಲೆಯೆತ್ತಿ, "ನೀಲಾ! ಓಡು! ಆ ಶೆಡ್ಡಿನೋರ್ಗೆ ಪ್ರೆಸ್ ನಿಲ್ಸಾಕೇಳು! ಎಲ್ಲಾನೂ ನಿಲ್ಲಿಸ್ಬೇಕು ಅನ್ನು!" ಎಂದು ಕಿರುಚಿದರು.

ಅವಳು ಹೋದದ್ದು ನನಗೆ ಕಿಟಕಿಯಲ್ಲಿ ಕಂಡಿತು. ಮಳೆಯಲ್ಲಿ, ಎಣ್ಣೆ ತೇಲುವ ನೀರಿನಲ್ಲಿ ಜಾರಿ ಬಿದ್ದು ಎದ್ದಳು. ಒಂದು ಕಾಲಿನ ಶೂ ಅಲ್ಲೇ ಉಳಿಯಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಎರಡೂ ಕೈಯೆತ್ತಿ ಕೂಗಿದಳು. ನೀಲಿ ಅಂಗಿಯ ಕೆಲಸಗಾರರು ಅವಳತ್ತ ತಿರುಗಿದರು. ಒಂದು ಪ್ರೆಸ್ಸು ನಿಂತಿತು. ಇನ್ನೊಂದು. ಕೊನೆಯದೂ.

ಸಿಸ್ಟರ್ ಕಿವಿಯೊತ್ತಿದರು. ಎಷ್ಟು ಹೊತ್ತೋ ಕಾಣೆ. ಆಮೇಲೆ ಅವರ ಬೆರಳು ಮಂಚದ ಕಬ್ಬಿಣದ ಅಂಚಿನ ಮೇಲೆ ಒಮ್ಮೆ ಬಿತ್ತು. ಬಹಳ ತಡೆದು ಮತ್ತೊಮ್ಮೆ. ಮತ್ತೆ ತಡೆದು, ಇನ್ನೊಮ್ಮೆ. ಅದು ನನಗೆ ಗೊತ್ತಿದ್ದ ಗುಬ್ಬಿಯಲ್ಲ. ಆದರೂ ಇತ್ತು. ದಣಿದಿತ್ತು.

"ಡಾಕ್ಟರಮ್ಮಾ!"

ಮುಂದಿನದೆಲ್ಲ ತುಂಡು ತುಂಡು. ಡಾಕ್ಟರಮ್ಮ ಬಂದು ಕೇಳಿ, "ಒಳಗೆ ತಗೊಳ್ಳಿ, ಈಗಲೇ," ಎಂದರು. ಕೈಗೆ ದಪ್ಪ ಪಟ್ಟಿ ಸುತ್ತಿಸಿಕೊಂಡ ಆ ಮನುಷ್ಯನನ್ನು, ಮತ್ತಿನ ಮದ್ದು ಕೊಡುವ ಮೊದಲೇ, ಥಿಯೇಟರಿನಿಂದ ಹೊರಗೆ ತಂದರು. ಬಾಗಿಲಲ್ಲಿ ನಮ್ಮಿಬ್ಬರ ಸ್ಟ್ರೆಚರ್ ಗಾಡಿಗಳು ಅಕ್ಕಪಕ್ಕ ನಿಂತವು. ಅವನ ಮುಖ ನೋವಿನಿಂದ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಓಗಕ್ಕ, ಮೊದ್ಲು ನೀನೋಗು," ಎಂದ. "ನನ್ನ ಬೆರಳೇನು, ಓಗೋವು ಓದ್ವು. ಇನ್ನೆಲ್ಲೂ ಓಡೋಗಾಕಿಲ್ಲ." ಅವನ ಕೈಗಾಗಿ ಬಂದಿದ್ದ ಮತ್ತಿನ ಡಾಕ್ಟರು ನನಗೆ ಒದಗಿದರು. ಅವನ ಹೆಸರು ಕೂಡ ಕೇಳಲಾಗಲಿಲ್ಲ.

ಒಡವೆ ತೆಗೆಯುವಾಗ ಗೌರಮ್ಮ ಸಿಸ್ಟರ್ ಕೈ ನನ್ನ ಕೊರಳಿನ ಲಿಂಗದ ಕರಡಿಗೆಯ ಹತ್ತಿರ ಬಂದು ನಿಂತಿತು. "ಇದ ಮುಟ್ಟಬೋದಾ ಅಕ್ಕೋರೆ?" ಅಷ್ಟು ಅವಸರದಲ್ಲಿಯೂ ಕೇಳಿದರು. ತಲೆಯಾಡಿಸಿದೆ. ಅದನ್ನು ತೆಗೆಯದೆ, ದಾರವನ್ನು ಸರಿಸಿ, ಭುಜಕ್ಕೆ ಪ್ಲಾಸ್ಟರ್ ಹಚ್ಚಿ ಅಂಟಿಸಿದರು. ಬಾಗಿಲಲ್ಲಿ ನೀಲಾ ತೊಯ್ದು ತೊಪ್ಪೆಯಾಗಿ, ಒಂಟಿ ಶೂನಲ್ಲಿ ನಿಂತು ಅಳುತ್ತಿದ್ದಳು.

"ಅಲ್ ನಿಂತ್ಕೊಂಡೇನ್ ಅಳ್ತೀಯ?" ಎಂದರು ಸಿಸ್ಟರ್. "ಮೈ ಒರೆಸ್ಕೊಂಡು ಬಟ್ಟೆ ಬದಲಾಯ್ಸು. ಟವೆಲ್ ಬೆಚ್ಚಗ್ ಮಾಡ್ಕೊಂಡ್ ಬಾ. ಮಗೀನ ಕೈಗ್ ತಗಳೋಳು ನೀನೇ."

ರಬ್ಬರಿನ ವಾಸನೆಯ ಮುಖವಾಡ ಬಂತು. ಅದರೊಳಗೆ ಹೋಗುವಾಗಲೂ ನಾನು ಒದ್ದೆ ನೆಲದ ಮೇಲೆ ಆಯಾಳ ಆ ಚಪ್ಪಲಿಯ ಸದ್ದನ್ನೇ ಕೇಳುತ್ತಿದ್ದೆ.

ಎಚ್ಚರವಾದಾಗ ಸಂಜೆಯ ಬೆಳಕಿತ್ತು. ಅವ್ವನ ಮುಖ ಕಂಡಿತು. ಅಳುತ್ತಿದ್ದಳು. ಅವ್ವ ಸುಖಕ್ಕೂ ಅ‌ಳುವವಳು, ದುಃಖಕ್ಕೂ ಅಳುವವಳು. ಅದರಿಂದ ಏನೂ ತಿಳಿಯಲಿಲ್ಲ. ಕೇಳುವ ಧೈರ್ಯವಾಗದೆ ಕಣ್ಣು ಮುಚ್ಚಿದೆ. ಕೇಳದಿದ್ದಷ್ಟು ಹೊತ್ತು ಅದು ಇರುತ್ತದೆ ಎನಿಸಿತು. ಆಗ, ಬೆಕ್ಕಿನ ಮರಿಯ ಹಾಗೆ ಸಣ್ಣಗೆ, ಕೋಪದಿಂದ, ಯಾರೋ ಕೂಗಿದರು.

ಹೆಣ್ಣು ಕೂಸು. ಹೊಕ್ಕುಳ ಬಳ್ಳಿ ಕೊರಳಿಗೆ ಬಿಗಿದಿತ್ತಂತೆ. ನೀಲಿಯಾಗಿ ಬಂದು, ಅಳದೆ ಬಿದ್ದಿತ್ತಂತೆ. "ಗೌರಮ್ಮ ಉಸಿರು ಊದ್ತಾ ಇದ್ರು. ಆ ಹುಡುಗಿ ಬೆನ್ನು ಉಜ್ಜೋದು ನಿಲ್ಲಿಸ್ಲೇ ಇಲ್ಲ, ಅತ್ತ ಮೇಲೂ ಉಜ್ತಾನೇ ಇದ್ಲು," ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು.

ಮಗು ಬಂತು, ಭಯ ಹೋಗಲಿಲ್ಲ. ಅದು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಮರುದಿನ ನೀಲಾ ಬಾಗಿಲಿಗೆ ಬಂದಾಗ ನನ್ನ ತೋಳು ತನ್ನಷ್ಟಕ್ಕೇ ಕೂಸನ್ನು ಎದೆಗೆ ಎಳೆದುಕೊಂಡಿತು. ಅವಳು ಅದನ್ನು ಕಂಡಳು. ಹೊಸ್ತಿಲಲ್ಲೇ ನಿಂತಳು. ಅವ್ವ ನೇರವಾಗಿ ಹೇಳಿದಳು, "ಈ ಹುಡುಗೀನ ಕೂಸಿನ ಹತ್ರ ಬಿಡಬ್ಯಾಡ್ರಿ ಸಿಸ್ಟರ್. ನಮ್ಮ ಜೀವ ತಡಿಯಂಗಿಲ್ಲ." ಗೌರಮ್ಮನವರು ನನ್ನನ್ನು ನೋಡಿದರು. ನಾನು ಮಗುವನ್ನು ನೋಡಿದೆ. "ಸರಿ ಕಣವ್ವ," ಎಂದರು. "ಭಯ ಇರೋತಂಕ ಇರ್ಲಿ. ನಾನೇ ಬತ್ತೀನಿ."

ಕೆಲವು ದಿನಗಳ ಮೇಲೆ ನನ್ನ ಹೊಲಿಗೆಯ ಪಟ್ಟಿ ಬಿಚ್ಚುತ್ತ ಅವರೇ ಮಾತು ತೆಗೆದರು. "ನಿಮ್ಮುಡುಗಿ ಪೆಟ್ಟಿಗೆ ಕಟ್ಟವಳೆ. ಊರಿಗೋಯ್ತೀನಿ, ಈ ಕೆಲ್ಸ ನಂಗಾಗಾಕಿಲ್ಲ ಅಂತವಳೆ."

"ನೀವೇನಂದ್ರಿ?"

"ಬೈಯಿರಿ ಸಿಸ್ಟರ್, ಯಾಕೆ ಬೈತಿಲ್ಲ ಅಂತ ಅತ್ಲು. ಬೈದ್ರೆ ಅಗುರ ಆಯ್ತದಲ್ಲ, ಅದಕ್ಕೇ ಬೈಯ್ಯಾಕಿಲ್ಲ ಅಂದೆ. ನಿಮ್ಮೂರ ಬಸ್ಸು ಸಂಜೆಗಲ್ವಾ, ಅಲ್ಲೀಗಂಟ ಕೆಲ್ಸ ಐತೆ ಬಾ ಅಂದೆ."

ಅಡ್ಡಗೋಡೆಯಾಚೆಯ ಮಂಚಕ್ಕೆ ಆ ಬೆಳಿಗ್ಗೆ ಒಬ್ಬಳು ಬಂದಿದ್ದಳು. ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸದಿಂದಲೇ, ಕೊರಳಲ್ಲಿ ಅಳತೆಯ ಟೇಪು ನೇತಾಡುವಂತೆಯೇ ಬಂದವಳು. ಚೊಚ್ಚಲು. ಮರದ ಸಂದಿನಿಂದ ಎಲ್ಲ ಕೇಳುತ್ತಿತ್ತು. ಹೊಸ ಶೂಗಳ ಕಿರ್ ಕಿರ್ ಸದ್ದು ಬಂತು. ಕೊಳವೆಯನ್ನು ಕಬ್ಬಿಣದ ಮೇಜಿನಿಂದ ಎತ್ತಿದ ಸದ್ದು. ತೋಳಿನಲ್ಲಿದ್ದ ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಯಾರ ಹೆಜ್ಜೆಯೆಂದು ಗೊತ್ತಾಗಿತ್ತು. ಗೌರಮ್ಮ ಸಿಸ್ಟರ್ ತಲೆಯೆತ್ತದೆ ಪಟ್ಟಿ ಬಿಚ್ಚುತ್ತಿದ್ದರು. ಆದರೆ ಅವರ ಕಿವಿ ಗೋಡೆಯ ಕಡೆಗಿತ್ತು.

"ಏನ್ ಮಾಡ್ತೀಯಮ್ಮ ಅದ್ರಾಗೆ? ನೋವಾಯ್ತದಾ?" ಎಂದಿತು ಹೆಂಗಸಿನ ದನಿ.

ಕೊಳವೆಯನ್ನು ಮತ್ತೆ ಮೇಜಿನ ಮೇಲಿಟ್ಟ ಸದ್ದಾಯಿತು.

"ಅಕ್ಕಾರ," ಎಂದಳು ನೀಲಾ, "ನಿಮಗ ಹೆದರಿಕಿ ಆಗೇತೇನ್ರಿ?"

ಆ ಹೆಂಗಸು, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ, "ಊ ಕಣಮ್ಮ," ಎಂದಳು. "ಎದೆ ಡವಡವ ಅಂತೈತೆ. ನಮ್ಮತ್ತೆಗೂ ಏಳಿಲ್ಲ."

"ನನಗೂ ಆಗೇತ್ರಿ. ಭಾಳ ಆಗೇತಿ. ಕೈ ಕೊಡ್ರಿ ಇಲ್ಲೆ. ಹಂಗಲ್ರಿ, ಮ್ಯಾಲೆ, ನಾಡಿ ಕಡೆ. ಇಬ್ರೂ ಸ್ವಲ್ಪ ಹೊತ್ತು ಸುಮ್ಮನ ಕುಂದ್ರೂಣು. ನಿಮ್ಮದು ಇಳೀಲಿ. ಆಮ್ಯಾಲೆ ಕೂಸಿಂದು ಕೇಳ್ತೀನಿ."

ಹೆದರಿಕೆ ಆಗಿದೆಯೇ ಎಂದು ಆ ಇಡೀ ಶ್ರಾವಣದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

ಗೌರಮ್ಮ ಸಿಸ್ಟರ್ ಕೈ ನಿಂತುಬಿಟ್ಟಿತ್ತು. ಹತ್ತಿಯಿಂದ ಔಷಧಿ ನನ್ನ ಹೊಟ್ಟೆಯ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವರಿಗೆ ಗಮನವಿರಲಿಲ್ಲ.

"ಇದ ನಾನೇಳ್ಕೊಟ್ಟಿದ್ದಲ್ಲ," ಎಂದರು ಮೆಲ್ಲಗೆ.

ಎಷ್ಟೋ ಹೊತ್ತಿನ ಮೇಲೆ ಆಚೆ ಬದಿಯಲ್ಲಿ ಕೊಳವೆ ಎತ್ತಿಕೊಂಡ ಸದ್ದಾಯಿತು. ಮಗು ನನ್ನ ತೋಳಿನಲ್ಲಿ ಮೈಮುರಿದು, ತುಟಿ ಚೀಪಿ, ಮತ್ತೆ ನಿದ್ದೆಗೆ ಹೋಯಿತು. ನನಗೆ ಇನ್ನೂ ಭಯವಿತ್ತು. ಇದ್ದರೂ ಕೇಳಿದೆ.

"ಸಿಸ್ಟರ್, ಅಲ್ಲಿ ಆದ ಮೇಲೆ ಅವಳನ್ನ ಇಲ್ಲಿಗೂ ಕಳಿಸ್ತೀರಾ?"

ಗೌರಮ್ಮ ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟರು.

"ಶ್! ಎಣಿಸ್ತಾವ್ಳೆ."